ಕಲ್ಲಚ್ಚಿನಲ್ಲಿ ಕೆತ್ತನೆ ಇಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಜುಲೈ 1 ಬಂತೆಂದರೆ ನಮ್ಮಲ್ಲಿ ಪತ್ರಿಕಾ ದಿನಾಚರಣೆ. 1843ರಲ್ಲಿ ಅದೇ ದಿನ ಜರ್ಮನ್ ಮಿಶನರಿ ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಚಪ್ಪಡಿಯಿಂದ ಅಚ್ಚು ಒತ್ತುವ ಲಿಥೋಗ್ರಫಿಯಲ್ಲಿ, ಅಚ್ಚಾಯಿತು ಎನ್ನುವುದೂ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಎಡವುವುದು ಅಲ್ಲಿಂದ ಮುಂದೆ. ವೇದಿಕೆ ಹತ್ತಿದವರು “ಕಲ್ಲಿನ ಮೇಲೆ ಅಕ್ಷರ ಕೆತ್ತಿ ಅಚ್ಚು ಹಾಕಿದರು” ಎಂದುಬಿಡುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಕಲ್ಲಚ್ಚಿನಲ್ಲಿ ಕೆತ್ತನೆ ಇಲ್ಲ. ಉಳಿ ಇಲ್ಲ, ಸುತ್ತಿಗೆ ಇಲ್ಲ. ಕಲ್ಲು ಮೊದಲು ಎಷ್ಟು ಸಪಾಟಾಗಿತ್ತೋ ಕೊನೆಯವರೆಗೂ ಅಷ್ಟೇ ಸಪಾಟು.

ಹಾಗಾದರೆ ಅಕ್ಷರ ಹೇಗೆ ಮೂಡಿತು? ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಇಡೀ ವಿದ್ಯೆ ಇಷ್ಟೇ.

ಇದನ್ನು ಕಂಡುಹಿಡಿದವನು ಅಲೋಯ್ಸ್ ಸೆನೆಫೆಲ್ಡರ್. ಹುಟ್ಟಿದ್ದು 1771ರಲ್ಲಿ, ಪ್ರಾಗ್ ನಗರದಲ್ಲಿ. ಬದುಕಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ತಂದೆ ನಟ, ಮಗ ನಾಟಕಕಾರ. ತನ್ನ ನಾಟಕಗಳನ್ನು ತಾನೇ ಅಚ್ಚು ಹಾಕಬೇಕೆಂಬ ಹಟ, ಆದರೆ ಕೈಯಲ್ಲಿ ಕಾಸಿಲ್ಲ. ತಾಮ್ರದ ತಗಡಿನ ಮೇಲೆ ತಿರುವುಮುರುವಾಗಿ ಬರೆಯುವುದನ್ನು ಕಲಿಯತೊಡಗಿದ. ಬರೆದದ್ದನ್ನು ಪ್ರತಿಸಲ ಉಜ್ಜಿ ಅಳಿಸಿದಾಗಲೂ ತಗಡು ತೆಳ್ಳಗಾಗುತ್ತಿತ್ತು. ಬಣ್ಣ ಅರೆಯಲೆಂದು ತಂದ ಒಂದು ಸುಣ್ಣದಕಲ್ಲಿನ ಚಪ್ಪಡಿ ಮನೆಯಲ್ಲಿತ್ತು. ಅಭ್ಯಾಸಕ್ಕೆ ಅದೇ ಸಾಕೆಂದು ಅದನ್ನು ನುಣ್ಣಗೆ ತಿಕ್ಕಿ ಇಟ್ಟುಕೊಂಡ.

1796ರಲ್ಲಿ ಒಂದು ದಿನ ತಾಯಿ ಬಂದು, ಒಗೆಯಲು ಕೊಡುವ ಬಟ್ಟೆಗಳ ಪಟ್ಟಿ ಬರೆದುಕೊಡು ಎಂದಳು. ಒಗೆಯುವವಳು ಬಾಗಿಲಲ್ಲೇ ಕಾಯುತ್ತಿದ್ದಳು. ಹುಡುಕಿದರೆ ಮನೆಯಲ್ಲಿ ಒಂದು ಚೂರು ಕಾಗದವಿಲ್ಲ, ದೌತಿಯಲ್ಲಿ ಶಾಯಿಯೂ ಒಣಗಿದೆ. ಕೈಗೆ ಸಿಕ್ಕಿದ್ದು ಆ ಕಲ್ಲು, ಮತ್ತು ಮೇಣ, ಸಾಬೂನು, ದೀಪದ ಮಸಿ ಬೆರೆಸಿ ತಾನೇ ಮಾಡಿಕೊಂಡಿದ್ದ ಜಿಡ್ಡು ಶಾಯಿ. ಕಲ್ಲಿನ ಮೇಲೇ ಪಟ್ಟಿ ಬರೆದ. ಕಾಗದ ಬಂದಮೇಲೆ ನಕಲು ಮಾಡಿಕೊಂಡರಾಯಿತು ಎಂದುಕೊಂಡ. ಆಮೇಲೆ ಒರೆಸಲು ಹೋದವನು ಕೈ ತಡೆದ. ಇದರ ಮೇಲೆ ಆಮ್ಲ ಸುರಿದರೆ ಏನಾದೀತು? ಕಲ್ಲಿನ ಅಂಚಿಗೆ ಮೇಣದ ಕಟ್ಟೆ ಕಟ್ಟಿದ. ಒಂದು ಪಾಲು ನೈಟ್ರಿಕ್ ಆಮ್ಲಕ್ಕೆ ಹತ್ತು ಪಾಲು ನೀರು ಸೇರಿಸಿ ಹುಯ್ದು, ಐದು ನಿಮಿಷ ಬಿಟ್ಟ. ಜಿಡ್ಡಿನ ಅಕ್ಷರದ ಕೆಳಗಿನ ಕಲ್ಲು ಉಳಿಯಿತು, ಸುತ್ತಲಿನದು ಕರಗಿತು. ಅಕ್ಷರಗಳು ಒಂದು ಇಸ್ಪೀಟೆಲೆಯ ದಪ್ಪದಷ್ಟು ಮೇಲೆದ್ದು ನಿಂತವು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ಕಲ್ಲಚ್ಚು ಹುಟ್ಟಿತು ಎನ್ನುತ್ತಾರೆ. ಹುಟ್ಟಿರಲಿಲ್ಲ! ಅದಿನ್ನೂ ಆಮ್ಲದ ಕೆತ್ತನೆಯೇ. ನಿಜವಾದ ಕಲ್ಲಚ್ಚಿಗೆ ಮತ್ತೆರಡು ವರ್ಷ ಬೇಕಾಯಿತು. 1798ರಲ್ಲಿ ಅವನಿಗೆ ಹೊಳೆಯಿತು: ಅಕ್ಷರ ಮೇಲೇಳಬೇಕಾಗಿಯೇ ಇಲ್ಲ, ಜಿಡ್ಡಾಗಿದ್ದರೆ ಸಾಕು.

ಈಗ ಕೆಲಸದ ಕ್ರಮ ಕೇಳಿ. ಸುಣ್ಣದಕಲ್ಲನ್ನು ಮರಳು, ನೀರು ಹಾಕಿ ಇನ್ನೊಂದು ಕಲ್ಲಿನಿಂದ ತಿಕ್ಕಬೇಕು. ಮೇಲೆ ಜಿಡ್ಡು ಶಾಯಿಯಿಂದ ಬರೆಯಬೇಕು. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆಯುವುದು ಕಷ್ಟ. ಅದಕ್ಕೊಂದು ಉಪಾಯವಿದೆ: ಗಂಜಿ ಬಳಿದ ಕಾಗದದ ಮೇಲೆ ನೇರವಾಗಿ ಬರೆದು, ಅದನ್ನು ಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದರೆ ಅಕ್ಷರ ತಾನಾಗಿ ತಿರುಗಿ ಕಲ್ಲಿಗೆ ಇಳಿಯುತ್ತದೆ. ನಂತರ ಅಂಟಿನ ನೀರಿಗೆ ತುಸುವೇ ನೈಟ್ರಿಕ್ ಆಮ್ಲ ಬೆರೆಸಿ ಬಳಿಯಬೇಕು. ಇದು ಕೊರೆಯುವುದಕ್ಕಲ್ಲ, ಬರೆಯದ ಜಾಗ ನೀರು ಹಿಡಿಯಲಿ, ಬರೆದ ಜಾಗದ ಜಿಡ್ಡು ಕದಲದಿರಲಿ ಎಂದು. ಆಮೇಲೆ ಒದ್ದೆ ಸ್ಪಂಜು ಎಳೆದು ಶಾಯಿಯ ಉರುಳೆ ಹಾಯಿಸಿದರೆ, ಒದ್ದೆ ಕಲ್ಲು ಶಾಯಿಯನ್ನು ಮುಟ್ಟಿಸಿಕೊಳ್ಳುವುದಿಲ್ಲ, ಜಿಡ್ಡಿನ ಅಕ್ಷರ ಎಳೆದುಕೊಳ್ಳುತ್ತದೆ. ಕಾಗದ ಹಾಸಿ ಒತ್ತಿದರೆ ಒಂದು ಪ್ರತಿ. ಮುಂದಿನ ಪ್ರತಿಗೆ ಮತ್ತೆ ನೀರು, ಮತ್ತೆ ಶಾಯಿ.

ಕೆಡುವುದೂ ಇಲ್ಲಿಯೇ. ನೀರು ಆರಿದರೆ ಕಲ್ಲೆಲ್ಲ ಕಪ್ಪು. ನೀರು ಹೆಚ್ಚಾದರೆ ಅಕ್ಷರ ಮಂಕು. ಆಮ್ಲ ಖಾರವಾದರೆ ಸಣ್ಣ ಗೆರೆಗಳು ಮಾಯ. ಬರೆಯುವವನು ಮರೆತು ಬೆರಳಿಟ್ಟನೋ, ಚರ್ಮದ ಜಿಡ್ಡೇ ಸಾಕು, ಬೆರಳಿನ ಗುರುತು ಪ್ರತಿಯೊಂದು ಹಾಳೆಯಲ್ಲೂ ಅಚ್ಚಾಗುತ್ತದೆ. ತಲೆಯ ಹೊಟ್ಟು ಉದುರಿದರೂ ಕಪ್ಪು ಚುಕ್ಕೆ. ಕೆತ್ತಿದ ಕಲ್ಲಾಗಿದ್ದರೆ ಇಷ್ಟು ಭಯ ಪಡಬೇಕಾಗಿತ್ತೇ?

ಕನ್ನಡದ ಅಚ್ಚುಮೊಳೆಗಳು, ಅಂದರೆ ಲೋಹದಲ್ಲಿ ಎರಕ ಹೊಯ್ದ ಬಿಡಿ ಅಕ್ಷರಗಳು, ಅಷ್ಟು ಹೊತ್ತಿಗೆ ಬಂದಿದ್ದವು. ಮಿಶನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಬಂಗಾಳದ ಸಿರಾಂಪುರದಲ್ಲಿ ಅಚ್ಚಾಗಿತ್ತು. ಆದರೆ ಮೊಳೆ ಎರಕ ಹೊಯ್ಯುವುದು ನಮ್ಮ ಲಿಪಿಗೆ ದೊಡ್ಡ ಗೋಳು. ‘ಸ್ತ್ರೀ’ ಎಂಬ ಒಂದೇ ಅಕ್ಷರ ನೋಡಿ: ಮೇಲೆ ಗುಣಿತ, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. ಕಾಗುಣಿತಕ್ಕೆಲ್ಲ, ಒತ್ತುಗಳಿಗೆಲ್ಲ ನೂರಾರು ಮೊಳೆ ಬೇಕು. ಕಲ್ಲಿಗೆ ಬೇಕಾದದ್ದು ದುಂಡಗೆ ಬರೆಯುವ ಒಂದು ಕೈ ಮಾತ್ರ. ‘ಮಂಗಳೂರ ಸಮಾಚಾರ’ದ ಅಕ್ಷರಗಳು ಕೈಬರಹದಂತೆ ಕಾಣುವುದು ಅದಕ್ಕೇ, ಅವು ಕೈಬರಹವೇ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರದೂ ಕಲ್ಲಚ್ಚೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. 1904ರಲ್ಲಿ ಅಮೆರಿಕದ ಐರಾ ರೂಬೆಲ್ ಎಂಬವನ ಅಚ್ಚಿನ ಯಂತ್ರದಲ್ಲಿ ಒಂದು ಹಾಳೆ ತಪ್ಪಿಹೋಗಿ, ಶಾಯಿ ರಬ್ಬರಿನ ಉರುಳೆಗೆ ತಾಗಿತು. ರಬ್ಬರಿನಿಂದ ಮುಂದಿನ ಹಾಳೆಯ ಬೆನ್ನಿಗೆ ಬಿದ್ದ ಅಚ್ಚು ಇನ್ನೂ ಸ್ಪಷ್ಟವಾಗಿತ್ತು. ರಬ್ಬರಿನ ಮೂಲಕ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣ ಬೆಳೆದದ್ದು ಹಾಗೆ. ಇಂದು ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ತಗಡು ಬಂದಿದೆ. ಎಣ್ಣೆ, ನೀರು ಎರಡೂ ಹಾಗೆಯೇ ಇವೆ.

ಹಳೆಯ ಪುಸ್ತಕ ಕೈಗೆ ಸಿಕ್ಕರೆ ಹಾಳೆಯ ಬೆನ್ನಿನ ಮೇಲೆ ಮೆಲ್ಲಗೆ ಬೆರಳಾಡಿಸಿ. ಮೊಳೆ ಒತ್ತಿದ ಹಾಳೆಯಾದರೆ ಸಣ್ಣ ಉಬ್ಬು ತಗುಲುತ್ತದೆ. ಕಲ್ಲಚ್ಚಿನದಾದರೆ ಹಾಳೆ ನುಣ್ಣಗಿರುತ್ತದೆ, ಬೆರಳಿಗೆ ಏನೂ ತಗುಲುವುದಿಲ್ಲ.

ನಮಸ್ಕಾರ.