ಬಾನೆಟ್ ಇಷ್ಟುದ್ದ, ಮಂಡಿಗೆ ಜಾಗ ಎಷ್ಟು?

ನಮಸ್ಕಾರ. ಇವತ್ತಿನ ಮಾತು ಬರಲಿರುವ ವಿದ್ಯುತ್ ಜಾಗ್ವಾರ್ ಕಾರಿನದು, ಆದರೆ ಮೊದಲು ನನ್ನ ಅಳತೆಪಟ್ಟಿಯ ಪರಿಚಯ. ನನ್ನ ಮೇಜಿನ ಮೇಲೆ ಒಂದು ಕಾಗದದ ಪಟ್ಟಿ ಇದೆ. ಎರಡು ಬೆರಳಗಲ, ಹಳೆಯ ಕ್ಯಾಲೆಂಡರಿನಿಂದ ಹರಿದದ್ದು. ಮೈತುಂಬ ಸ್ಟಿಕ್ಕರ್ ಮೆತ್ತಿಕೊಂಡು ಪರೀಕ್ಷೆಗೆ ಓಡಾಡುವ ಯಾವುದಾದರೂ ಹೊಸ ಕಾರಿನ ಚಿತ್ರ ಕಂಪ್ಯೂಟರಿನಲ್ಲಿ ಕಂಡರೆ, ಈ ಪಟ್ಟಿಯನ್ನು ಪರದೆಗೆ ಒತ್ತಿ ಹಿಡಿದು ಟೈರಿನ ಎತ್ತರವನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುತ್ತೇನೆ. ಮನೆಯವರಿಗೆ ಇದೊಂದು ತಮಾಷೆ. ಪರದೆಯ ಮೇಲೆ ಪೆನ್ಸಿಲ್ ಗೀರು ಬಿದ್ದ ದಿನ ಮಾತ್ರ ತಮಾಷೆ ಇರಲಿಲ್ಲ.

ಲೆಕ್ಕ ಸರಳ. ಟೈರಿನ ಮೇಲೆ 255/40 ಆರ್ 21 ಎಂದು ಬರೆದಿದೆ ಎಂದುಕೊಳ್ಳಿ. ಅಗಲ 255 ಮಿಲಿಮೀಟರ್, ಪಕ್ಕದ ರಬ್ಬರಿನ ಎತ್ತರ ಅದರ ಶೇ. 40, ಒಳಗಿನ ರಿಮ್ 21 ಅಂಗುಲ. ರಬ್ಬರನ್ನು ಮೇಲೆ ಕೆಳಗೆ ಎರಡು ಸಲ ಕೂಡಿಸಿದರೆ ಟೈರಿನ ಒಟ್ಟು ಎತ್ತರ 737 ಮಿಲಿಮೀಟರ್. ಈಗ ಅದೇ ಅಳತೆಯನ್ನು ಮುಂಗಾಲಿಯ ನಡುವಿನಿಂದ ಹಿಂಗಾಲಿಯ ನಡುವಿನವರೆಗೆ ಮಗುಚುತ್ತ ಹೋಗಿ. ನಾಲ್ಕೂಕಾಲು ಸಲಕ್ಕಿಂತ ತುಸು ಹೆಚ್ಚು ಬಂದರೆ ವೀಲ್‌ಬೇಸ್ 3.2 ಮೀಟರಿನ ಆಸುಪಾಸು. ಅದು ದೊಡ್ಡವರ ಪಂಗಡ: ಬಿಎಂಡಬ್ಲ್ಯು 7 ಸೀರೀಸ್ 3,215 ಮಿಲಿಮೀಟರ್, ಮರ್ಸಿಡಿಸ್ ಎಸ್-ಕ್ಲಾಸ್‌ನ ಉದ್ದನೆಯ ರೂಪ 3,216. ಜರ್ಮನಿಯ ಈ ಇಬ್ಬರು ಎಲ್ಲದಕ್ಕೂ ಜಗಳವಾಡಿಕೊಂಡು, ಕೊನೆಗೆ ಒಂದು ಮಿಲಿಮೀಟರ್ ವ್ಯತ್ಯಾಸದಲ್ಲಿ ಬಂದು ನಿಂತಿದ್ದಾರೆ.

ಈ ಪಟ್ಟಿ ಹಿಡಿದುಕೊಂಡು ಇವತ್ತು ಮಾತನಾಡಬೇಕಾಗಿರುವುದು ಜಾಗ್ವಾರ್ ಬಗ್ಗೆ. ಬರಲಿರುವ ನಾಲ್ಕು ಬಾಗಿಲಿನ ವಿದ್ಯುತ್ ಜಾಗ್ವಾರ್ ಬಗ್ಗೆ ಕಾರುಪ್ರಿಯರು ಹರಿಯಬಿಟ್ಟಷ್ಟು ಊಹೆಗಳು ಇತ್ತೀಚೆಗೆ ಬೇರೆ ಯಾವ ಕಾರಿನ ಬಗೆಗೂ ಹರಿದಿಲ್ಲ. 2024ರ ನವೆಂಬರ್‌ನಲ್ಲಿ ಕಂಪನಿ ಒಂದು ಜಾಹೀರಾತು ಬಿಟ್ಟಿತು. ಬಣ್ಣಬಣ್ಣದ ಉಡುಗೆ ತೊಟ್ಟವರು ಬಂದರು, ಹೋದರು. ಕಾರು ಮಾತ್ರ ಬರಲಿಲ್ಲ. ನೀವು ಕಾರು ಮಾರುತ್ತೀರಾ ಎಂದು ಇಲಾನ್ ಮಸ್ಕ್ ಕೇಳಿದರು. ಡಿಸೆಂಬರ್ ಆರಂಭದಲ್ಲಿ ಮಯಾಮಿಯಲ್ಲಿ ಟೈಪ್ 00 ಎಂಬ ಕಾನ್ಸೆಪ್ಟ್ ಕಾರಿನ, ಅಂದರೆ ಮಾರಲಿಕ್ಕಲ್ಲದೆ ಬರಲಿರುವ ರೂಪ ತೋರಿಸಲೆಂದು ಮಾಡಿದ ಮಾದರಿಯ, ಮುಸುಕು ತೆಗೆದರು. ಒಂದು ಗುಲಾಬಿ, ಒಂದು ನೀಲಿ. ಎರಡೇ ಬಾಗಿಲು, 23 ಅಂಗುಲದ ಗಾಲಿ, ಹಿಂದಿನ ಗಾಜೇ ಇಲ್ಲ. ಒಳಗೆ ಮೂರು ಮೀಟರಿಗೂ ಮಿಕ್ಕಿ ಉದ್ದದ ಹಿತ್ತಾಳೆಯ ಪಟ್ಟಿ. ಅಲ್ಲಿಂದ ಜಗತ್ತಿನ ಅರ್ಧ ಜನ ಬೈದರು, ಉಳಿದರ್ಧ ಜನ ಊಹಿಸತೊಡಗಿದರು. ಮುಖ ಹೀಗೇ ಇರುತ್ತದೆಯೇ, ಗುಲಾಬಿ ಬಣ್ಣ ನಿಜವಾಗಿ ಸಿಗುತ್ತದೆಯೇ, ದೀಪ ಎಷ್ಟು ತೆಳ್ಳಗಿರುತ್ತದೆ, ಕಂಪನಿಯ ಲಾಂಛನವಾದ ನೆಗೆಯುವ ಚಿರತೆಯನ್ನು ಎಲ್ಲಿ ಕೂರಿಸುತ್ತಾರೆ.

ಇವೆಲ್ಲ ವೇಷದ ಪ್ರಶ್ನೆಗಳು. ಯಕ್ಷಗಾನ ನೋಡಿ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ, ಮುಖಕ್ಕೆ ಎಷ್ಟೇ ಬಣ್ಣ ಬಳಿದುಕೊಂಡರೂ ಎರಡು ಹೆಜ್ಜೆ ಹಾಕಿದ ಕೂಡಲೇ ಕಲಾವಿದ ಯಾರೆಂದು ತಿಳಿದುಬಿಡುತ್ತದೆ. ಸುಳಿ ಸುಳಿ ಚಿತ್ತಾರದ ಸ್ಟಿಕ್ಕರ್ ಅಂಟಿಸಿ, ಒಳಗೆ ಪ್ಲಾಸ್ಟಿಕ್ ಉಬ್ಬು ಇಟ್ಟು, ಸುಳ್ಳು ದೀಪ ಸಿಕ್ಕಿಸಿ ಮೈಯ ಗೆರೆಗಳನ್ನು ಮುಚ್ಚಬಹುದು. ಎರಡು ಗಾಲಿಗಳ ನಡುವಿನ ದೂರವನ್ನು ಯಾವ ಸ್ಟಿಕ್ಕರ್ ಮುಚ್ಚುತ್ತದೆ? ಮುಂಗಾಲಿಗೂ ಬಾಗಿಲಿಗೂ ಎಷ್ಟು ಅಂತರ, ಚಾವಣಿ ಎಲ್ಲಿಂದ ಇಳಿಯತೊಡಗುತ್ತದೆ, ಇವೇ ಕಾರಿನ ಹೆಜ್ಜೆ. ಕಂಪನಿಯವರೇ ಬಿಡುಗಡೆ ಮಾಡಿದ ಮುಸುಕಿನ ಚಿತ್ರಗಳಲ್ಲಿ ಈ ಮೂರೂ ಎದ್ದು ಕಾಣುತ್ತವೆ. ಬಾನೆಟ್ ಉದ್ದ, ಬಹಳ ಉದ್ದ. ಚಾವಣಿ ತಗ್ಗು.

ವಿದ್ಯುತ್ ಕಾರಿಗೆ ಇಷ್ಟುದ್ದದ ಬಾನೆಟ್ ಏಕೆ?

1968ರಲ್ಲಿ ಜಾಗ್ವಾರಿನ ದೊಡ್ಡ ಸೆಡಾನ್ ಎಕ್ಸ್‌ಜೆಯ ಮೊದಲ ರೂಪ ಎಕ್ಸ್‌ಜೆ6 ಬಂದಾಗ ಈ ಪ್ರಶ್ನೆಗೆ ಕಬ್ಬಿಣದಂಥ ಉತ್ತರವಿತ್ತು. ಆರು ಸಿಲಿಂಡರುಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತ ಎಂಜಿನ್ ಅದರೊಳಗೆ ಮಲಗಬೇಕಿತ್ತು. ನಾಲ್ಕು ವರ್ಷಗಳ ಬಳಿಕ ಹನ್ನೆರಡು ಸಿಲಿಂಡರಿನದೂ ಅದೇ ಜಾಗಕ್ಕೆ ಬಂದು ಕೂತಿತು. ಆ ಉದ್ದ ಹುಟ್ಟಿದ್ದು ಅಗತ್ಯದಿಂದ, ಚೆಂದ ಆಮೇಲೆ ಅಂಟಿಕೊಂಡಿತು. ಆದರೆ ಆ ಚೆಂದಕ್ಕೆ ದಂಡ ತೆತ್ತವರು ಹಿಂದೆ ಕೂತವರು. ಅವರ ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು. 1972ರಲ್ಲಿ ಜಾಗ್ವಾರ್ ತಾನೇ ವೀಲ್‌ಬೇಸನ್ನು ನಾಲ್ಕು ಅಂಗುಲ ಎಳೆದು ಉದ್ದನೆಯ ಎಕ್ಸ್‌ಜೆ ಒಂದನ್ನು ಹೊರತಂದಿತು. ಹೊಗಳಿಕೆಯ ಲೇಖನಗಳಲ್ಲಿ ಈ ನಾಲ್ಕು ಅಂಗುಲದ ಸುದ್ದಿ ಬರುವುದೇ ಕಡಿಮೆ.

ಈಗಿನ ಕಾರಿನಲ್ಲಿ ಬ್ಯಾಟರಿ ಇರುವುದು ನೆಲದಡಿ. ಮೋಟರುಗಳು ಗಾಲಿಗಳ ಬಳಿ. ಬಾನೆಟ್ ಕೆಳಗೆ ಅಷ್ಟು ಜಾಗ ಬೇಡುವ ಯಂತ್ರ ಯಾವುದೂ ಇಲ್ಲ. ಅಂದ ಮೇಲೆ ಆ ಉದ್ದ ನೆನಪಿಗಾಗಿ ಇಟ್ಟದ್ದು. ನನ್ನನ್ನು ಕೇಳಿದರೆ ಅದು ಸುಳ್ಳು, ಆದರೆ ನೋಡಲು ಸೊಗಸಾದ ಸುಳ್ಳು. ನನಗೂ ಇಷ್ಟವಾಯಿತು, ಅದನ್ನು ಬಚ್ಚಿಡುವುದಿಲ್ಲ.

ನಿಜ ಹೇಳಿದ ಕಾರೊಂದು ಇತ್ತು, ಅದರ ಗತಿಯನ್ನೂ ನೋಡಿದ್ದೇವೆ. ಮರ್ಸಿಡಿಸ್‌ನ ವಿದ್ಯುತ್ ಸೆಡಾನ್ ಇಕ್ಯೂಎಸ್. ಎಂಜಿನ್ ಇಲ್ಲ, ಹಾಗಾಗಿ ಬಾನೆಟ್ ಗಿಡ್ಡ. ಗಾಳಿ ಸೀಳಬೇಕು, ಹಾಗಾಗಿ ಮೈಯೆಲ್ಲ ಒಂದೇ ಬಿಲ್ಲಿನಂತೆ ಬಾಗಿದ್ದು. ಗಾಳಿಯ ಎಳೆತದ ಗುಣಾಂಕ 0.20, ಇದು ಕಡಿಮೆಯಾದಷ್ಟೂ ಒಳ್ಳೆಯದು. 2022ರಲ್ಲಿ ಪುಣೆಯ ಚಾಕಣದಲ್ಲೇ ಜೋಡಿಸಿ ಮಾರತೊಡಗಿದರು. ಒಂದು ಚಾರ್ಜಿಗೆ 857 ಕಿಲೋಮೀಟರ್ ಎಂಬ ಪ್ರಮಾಣಪತ್ರ ಸಿಕ್ಕಿತ್ತು. ಲೆಕ್ಕದ ಪ್ರಕಾರ ಎಲ್ಲವೂ ಸರಿ. ನೋಡಿದವರು ಅಂದದ್ದು, ಇದೇನಿದು, ಬಚ್ಚಲಲ್ಲಿ ಸವೆದ ಸಾಬೂನಿನ ಹಾಗಿದೆ ಎಂದು. ಎಸ್-ಕ್ಲಾಸ್ ಬಂದು ನಿಂತಾಗ ಹೋಟೆಲಿನ ಕಾವಲುಗಾರ ಅಪ್ರಯತ್ನವಾಗಿ ನೆಟ್ಟಗಾಗುತ್ತಾನಲ್ಲ, ಅದು ಇದಕ್ಕೆ ದಕ್ಕಲಿಲ್ಲ. ಜಾಗ್ವಾರಿನವರು ಇದನ್ನೆಲ್ಲ ನೋಡಿಯೇ ವಿರುದ್ಧ ದಿಕ್ಕಿಗೆ ಹೊರಟಿದ್ದಾರೆ ಎಂಬುದು ನನ್ನ ಊಹೆ.

ಸರಿ, ಆ ಉದ್ದವನ್ನು ಎಲ್ಲಿಂದ ಕಡಿದು ತರುತ್ತಾರೆ? ಹಿಂದೆ ಕೂತವರ ಜಾಗದಿಂದ. ಇಲ್ಲಿಗೆ ನನ್ನ ಗೆಳೆಯನ ಮದುವೆ ಬರುತ್ತದೆ. ಮೈಸೂರಿನಲ್ಲಿ ಮದುವೆ. ವರನ ಮೆರವಣಿಗೆಗೆಂದು ಬಾಡಿಗೆಗೆ ತಂದದ್ದು ಹಿಂದಕ್ಕೆ ಇಳಿಜಾರಾದ ಚಾವಣಿಯ ಒಂದು ದುಬಾರಿ ಸೆಡಾನ್, ಹೆಸರು ಬೇಡ. ವರನ ತಲೆಯ ಮೇಲೆ ಜರಿಯಂಚಿನ ಮೈಸೂರು ಪೇಟ. ಹಿಂದಿನ ಬಾಗಿಲಿನಲ್ಲಿ ತಲೆ ತೂರಿಸಿದ, ಪೇಟ ಚೌಕಟ್ಟಿಗೆ ಬಡಿಯಿತು. ಬಗ್ಗಿ ಮತ್ತೆ ತೂರಿಸಿದ, ಪೇಟ ಕಣ್ಣಿನ ಮೇಲೆ ಜಾರಿತು. ಕೊನೆಗೆ ಸೋದರಮಾವ ಪೇಟ ತೆಗೆದು ಕೈಯಲ್ಲಿ ಹಿಡಿದರು, ವರ ಒಳಗೆ ಕೂತ, ಮಾವ ಕಿಟಕಿಯಿಂದ ಕೈ ಹಾಕಿ ಮತ್ತೆ ತೊಡಿಸಿದರು. ಅದು ಚಾವಣಿಗೆ ತಾಗಿಕೊಂಡು ವಾಲಿತು. ವಾದ್ಯದವರು ಐದು ನಿಮಿಷ ಸುಮ್ಮನೆ ಊದುತ್ತ ನಿಂತಿದ್ದರು. ವೀಡಿಯೊದಲ್ಲಿ ಇವತ್ತಿಗೂ ವರನ ಪೇಟ ಸೊಟ್ಟಗಿದೆ.

ಅಂದಿನಿಂದ ಐಷಾರಾಮಿ ಸೆಡಾನಿಗೆ ನನ್ನದು ಒಂದೇ ಪರೀಕ್ಷೆ, ಪೇಟದ ಪರೀಕ್ಷೆ. ನಗಬೇಡಿ, ಕಂಪನಿಗಳೂ ಇದನ್ನು ತಮ್ಮದೇ ರೀತಿಯಲ್ಲಿ ಒಪ್ಪಿಕೊಂಡಿವೆ. ಉದ್ದನೆಯ ವೀಲ್‌ಬೇಸಿನ ಇ-ಕ್ಲಾಸನ್ನು ಮರ್ಸಿಡಿಸ್ 2017ರಲ್ಲಿ ಭಾರತಕ್ಕೆ ತಂದಿತು. ಬಿಎಂಡಬ್ಲ್ಯು 2021ರಲ್ಲಿ 3 ಸೀರೀಸನ್ನೇ ಎಳೆದು ಗ್ರ್ಯಾನ್ ಲಿಮೋಸಿನ್ ಎಂದು ಮಾರಿತು. ನಮ್ಮಲ್ಲಿ ಇಂಥ ಕಾರು ಕೊಳ್ಳುವವರು ಹೆಚ್ಚಾಗಿ ಕೂರುವುದು ಹಿಂದೆ, ಸ್ಟೀರಿಂಗ್ ಇನ್ನೊಬ್ಬರ ಕೈಯಲ್ಲಿ. 7 ಸೀರೀಸ್‌ನಲ್ಲಿ ಚಾವಣಿಯಿಂದ ಇಳಿದುಬರುವ 31.3 ಅಂಗುಲದ ಪರದೆ ಯಾರಿಗಾಗಿ? ಚಾಲಕನಿಗಂತೂ ಅಲ್ಲ.

ತಗ್ಗಿನ ವಿದ್ಯುತ್ ಸೆಡಾನಿನಲ್ಲಿ ಹಿಂದಿನವರಿಗೆ ಎರಡು ಕಡೆಯಿಂದ ಪೆಟ್ಟು. ಮೇಲಿನಿಂದ ಚಾವಣಿ ಒತ್ತುತ್ತದೆ. ಕೆಳಗಿನಿಂದ ಬ್ಯಾಟರಿ ನೆಲವನ್ನು ಎತ್ತುತ್ತದೆ. ನೆಲ ಮೇಲೆ ಬಂದರೆ ಪಾದ ಮೇಲೆ, ಪಾದ ಮೇಲೆ ಬಂದರೆ ಮಂಡಿ ಮೇಲೆ, ತೊಡೆ ಸೀಟನ್ನು ಬಿಟ್ಟು ಅಂತರದಲ್ಲಿ. ಹಳ್ಳಿಯ ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತಂತೆ, ಮೇಲೆ ಕೋಟಿ ರೂಪಾಯಿಯ ಚರ್ಮದ ಹೊದಿಕೆ. ಪೋರ್ಷೆಯವರು 2019ರ ಟೈಕಾನ್‌ನಲ್ಲಿ ಇದಕ್ಕೊಂದು ಉಪಾಯ ಹೂಡಿದರು: ಹಿಂದಿನವರ ಪಾದ ಬರುವ ಕಡೆ ಬ್ಯಾಟರಿ ಕೋಶಗಳನ್ನೇ ಬಿಟ್ಟು ಹೊಂಡ ಮಾಡಿದರು. ಜಾಗ್ವಾರಿನವರೂ ಇಂಥದ್ದೇನಾದರೂ ಮಾಡದೆ ಗತ್ಯಂತರವಿಲ್ಲ ಎಂದು ನಾನು ಪಣ ಕಟ್ಟುತ್ತೇನೆ. ಆದರೆ ಅವರು 770 ಕಿಲೋಮೀಟರ್ ಓಡುವ ಗುರಿಯನ್ನೂ ಇಟ್ಟುಕೊಂಡಿದ್ದಾರೆ. ಹೊಂಡ ತೋಡಿದಷ್ಟೂ ಕೋಶ ಕಡಿಮೆ. ಜನ ದೀಪದ ಆಕಾರಕ್ಕೆ ಜಗಳವಾಡುತ್ತಿರುವಾಗ ನಿಜವಾದ ಜಗಳ ಎಂಜಿನಿಯರುಗಳ ನಡುವೆ ಈ ಅಂಗೈಯಗಲದ ಹೊಂಡಕ್ಕಾಗಿ ನಡೆದಿರುತ್ತದೆ.

ಹಿಂದಿನ ಗಾಜಿನ ವಿಷಯ ನನಗೆ ಅಷ್ಟು ದೊಡ್ಡದಲ್ಲ. ಪೋಲ್‌ಸ್ಟಾರ್ 4 ಎಂಬ ವಿದ್ಯುತ್ ಕಾರು ಹಿಂದಿನ ಗಾಜಿಲ್ಲದೆ, ಕ್ಯಾಮೆರಾ ನಂಬಿ ಆಗಲೇ ರಸ್ತೆಗಿಳಿದಿದೆ. ನಮ್ಮ ಮಳೆಗಾಲದ ಕೆಸರು ಆ ಕ್ಯಾಮೆರಾಕ್ಕೆ ಮೆತ್ತಿದಾಗ ಚಾಲಕರು ಏನೆನ್ನುತ್ತಾರೋ ಕೇಳುವ ಆಸೆ ಮಾತ್ರ ಇದೆ.

ಊಹೆಗಾರರ ಪಾಲಿಗೆ ಜಾಗ್ವಾರ್ ಮೊದಲೇ ಒಮ್ಮೆ ಕೈ ಕೊಟ್ಟಿದೆ. 2019ರ ಜುಲೈಯಲ್ಲಿ ಹಳೆಯ ಎಕ್ಸ್‌ಜೆ ನಿಂತಿತು, ವಿದ್ಯುತ್ ಎಕ್ಸ್‌ಜೆ ಬರುತ್ತದೆ ಎಂದರು. ಮುಸುಕು ಹಾಕಿದ ಕಾರುಗಳು ಓಡಾಡಿದವು. ಎಷ್ಟು ಜನ ಎಷ್ಟು ಚಿತ್ರ ಬರೆದರು! ನಾನೂ ಪಟ್ಟಿ ಹಿಡಿದು ಕೂತಿದ್ದೆ. 2021ರ ಫೆಬ್ರುವರಿಯಲ್ಲಿ ಆ ಕಾರನ್ನೇ ಕೈಬಿಟ್ಟೆವು ಎಂದುಬಿಟ್ಟರು. ನನ್ನ ಗುರುತುಗಳ ಕಾಗದ ಪುಸ್ತಕವೊಂದರಲ್ಲಿ ಪುಟದ ಗುರುತಾಗಿ ಉಳಿಯಿತು. ಮಾಲೀಕರು 2008ರಿಂದಲೂ ನಮ್ಮ ಟಾಟಾದವರೇ, ಆದರೂ ಮುಂಬೈಯವರಾರೂ ನನಗೆ ಸುಳಿವು ಕೊಡಲಿಲ್ಲ.

ಹಾಗಾಗಿ ಈ ಸಲ ನನ್ನ ಊಹೆ ಚಿಕ್ಕದು. ಮುಖ ಕಾನ್ಸೆಪ್ಟಿಗೆ ಹತ್ತಿರವೇ ಇರುತ್ತದೆ. ಗಾಲಿ ಒಂದಿಷ್ಟು ಸಣ್ಣದಾಗುತ್ತದೆ. ಮುಂದೆ ಕೂತವರು ರಾಜರು. ಹಿಂದೆ ಇಬ್ಬರು ಸುಖವಾಗಿ ಕೂತಾರು, ಬರಿ ತಲೆಯಲ್ಲಿ. ಪೇಟದ ಪರೀಕ್ಷೆಯಲ್ಲಿ ಅದು ಪಾಸಾದರೆ ಆ ಸೊಟ್ಟ ಪೇಟದ ವರನನ್ನು ಕರೆದುಕೊಂಡು ಬಂದು ಇಲ್ಲೇ, ಇದೇ ಕುರ್ಚಿಯಲ್ಲಿ ಕೂರಿಸಿ, ಸೋತೆ ಎಂದು ಒಪ್ಪಿಕೊಳ್ಳುತ್ತೇನೆ. ಅವನಿಗೆ ಈಗ ಇಬ್ಬರು ಮಕ್ಕಳು. ಓಡಿಸುವುದು ಎತ್ತರದ ಎಸ್‌ಯುವಿ.