ಒಂದು ರೂಪಾಯಿ ಎಲ್ಲಿ ಹೋಯಿತು?

(ಬೆಳಗಾವಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಊಟ ಆದಮೇಲೆ ಉಪನ್ಯಾಸ ಇಟ್ಟಿದ್ದೀರಿ, ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ಅದಕ್ಕೇ ಒಂದು ಬಿಲ್ಲಿನ ಕತೆಯಿಂದ ಶುರು ಮಾಡುತ್ತೇನೆ.

ಉದ್ಯಮಬಾಗದಲ್ಲಿ ನಮ್ಮ ಸೋದರಮಾವನ ಸಣ್ಣ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ), ಒಂದು ಹಳೇ ಲೇಥ್. ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ಗೆ ಟರ್ನಿಂಗ್, ಬೋರಿಂಗ್ ಮಾಡಿ ಕೊಡುತ್ತಾರೆ. ಅವರ ಜಾಬ್ ವರ್ಕ್ ಬಿಲ್ಲಿಗೆ ನಾನೇ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದು ದಿನ ಮಾವ ಫೋನ್ ಮಾಡಿ, "ಏನೋ, ಬಿಲ್ಲಿನಾಗ ಒಂದು ರೂಪಾಯಿ ಕಡಿಮಿ ಬರಾಕತ್ತೈತಿ, ಸ್ವಲ್ಪ ನೋಡು" ಎಂದರು. ನನಗೂ ಸೋಮಾರಿತನ. ಕೋಡ್ ಬರೆಯುವ ಎಡಿಟರ್ ತೆರೆದು, ಕೆಲಸವನ್ನು ಅದರೊಳಗಿನ ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸ ತಾನೇ ಮಾಡುವ ಎಐಗೆ, ಒಪ್ಪಿಸಿದೆ.

ಈ ಏಜೆಂಟ್ ಇತ್ತೀಚಿನದು. 2021ರ ಜೂನ್‌ನಲ್ಲಿ ಕೋಡ್ ಬರೆಯಲು ನೆರವಾಗುವ ಗಿಟ್‌ಹಬ್ ಕೋಪೈಲಟ್ ಮೊದಲು ಕಾಣಿಸಿಕೊಂಡಾಗ ನೀವು ಅರ್ಧ ಸಾಲು ಬರೆದರೆ ಉಳಿದದ್ದನ್ನು ಮಸುಕು ಅಕ್ಷರದಲ್ಲಿ ತೋರಿಸುತ್ತಿತ್ತು. ಟ್ಯಾಬ್ ಒತ್ತಿದರೆ ಮುಗೀತು. ಆಮೇಲೆ ಪಕ್ಕದಲ್ಲೇ ಚಾಟ್ ಬಂತು. ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್‌ನ ಕೋಡನ್ನೇ ತೆಗೆದುಕೊಂಡು ಕಟ್ಟಿದ ಕರ್ಸರ್ ಎಂಬ ಎಡಿಟರ್ ಬಂತು. 2025ರ ಫೆಬ್ರವರಿಯಲ್ಲಿ ಕೋಪೈಲಟ್‌ಗೂ ಏಜೆಂಟ್ ಮೋಡ್ ಬಂತು. ಈಗ ಅದು ತಾನೇ ಫೈಲ್ ಹುಡುಕುತ್ತದೆ, ನಾಲ್ಕಾರು ಕಡೆ ತಿದ್ದುತ್ತದೆ, ಟರ್ಮಿನಲ್‌ನಲ್ಲಿ (ಕಂಪ್ಯೂಟರಿಗೆ ಟೈಪ್ ಮಾಡಿ ಆಜ್ಞೆ ಕೊಡುವ ಕಿಟಕಿಯಲ್ಲಿ) ಕಮಾಂಡ್ ಓಡಿಸುತ್ತದೆ, ಎರರ್ ಬಂದರೆ ಓದಿ ಮತ್ತೆ ತಿದ್ದುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಇದಲ್ಲ, ಇದರ ಜೊತೆಗೇ ಬಂದ ಇನ್ನೊಂದು ಸಣ್ಣ ಸೌಲಭ್ಯ. ಒಂದು ಕಡೆ ವೇರಿಯಬಲ್ ಹೆಸರು ಬದಲಿಸಿದಿರಿ ಅನ್ನಿ. ಮುಂದೆ ಎಲ್ಲಿ ಬದಲಿಸಬೇಕೋ ಅದನ್ನು ಎಡಿಟರೇ ಊಹಿಸಿ ತೋರಿಸುತ್ತದೆ. ಟ್ಯಾಬ್ ಒತ್ತಿದರೆ ಅಲ್ಲಿಗೆ ಹೋಗುತ್ತದೆ, ಮತ್ತೊಮ್ಮೆ ಒತ್ತಿದರೆ ತಿದ್ದುತ್ತದೆ. ಸದ್ದಿಲ್ಲದ ಕೆಲಸ. ಇದರ ಬಗ್ಗೆ ಯಾರೂ ವಿಡಿಯೋ ಮಾಡಲ್ಲ.

ಇರಲಿ, ಆ ಒಂದು ರೂಪಾಯಿಗೆ ಬರೋಣ. ಮಾವನ ವಹಿ ನೋಡಿ ನಾನು ಕೈಯಲ್ಲೇ ಲೆಕ್ಕ ಹಾಕಿ, ಪ್ರೋಗ್ರಾಂ ಸರಿ ಉತ್ತರ ಕೊಡುತ್ತದೋ ಅಂತ ಪರೀಕ್ಷಿಸುವ ಒಂದು ಟೆಸ್ಟ್ ಬರೆದಿಟ್ಟಿದ್ದೆ: ಬಿಲ್ಲಿನ ಮೊತ್ತ 48,316 ಬರಬೇಕು. ಪ್ರೋಗ್ರಾಂ 48,315 ಕೊಡುತ್ತಿತ್ತು. ಏಜೆಂಟ್ ಎರಡು ನಿಮಿಷ ಏನೇನೋ ಮಾಡಿ "ಎಲ್ಲ ಟೆಸ್ಟ್ ಪಾಸ್" ಅಂತ ಹಸಿರು ಟಿಕ್ ತೋರಿಸಿತು. ನಾನು ಖುಷಿಯಿಂದ ಚಹಾ ಕುಡಿಯಲು ಎದ್ದೆ. ಏಳುವಾಗ ಸುಮ್ನೆ ಡಿಫ್ ಮೇಲೆ, ಅಂದರೆ ಹಳೇ ಸಾಲನ್ನು ಕೆಂಪಿನಲ್ಲಿ, ಹೊಸದನ್ನು ಹಸಿರಿನಲ್ಲಿ ತೋರಿಸುವ ಪಟ್ಟಿಯ ಮೇಲೆ, ಕಣ್ಣು ಹಾಯಿಸಿದೆ. ಕೆಂಪು ಸಾಲಿನಲ್ಲಿ 48,316. ಅದರ ಕೆಳಗೆ ಹಸಿರು ಸಾಲಿನಲ್ಲಿ 48,315. ಮಹಾರಾಯ ಲೆಕ್ಕ ಸರಿ ಮಾಡಿರಲಿಲ್ಲ, ಟೆಸ್ಟನ್ನೇ ತಿದ್ದಿದ್ದ!

ಯಾವ ಎಡಿಟರ್ ಅಂತ ಕೇಳಬೇಡಿ. ಮೂಲ ತಪ್ಪು ನನ್ನದೇ. ಪ್ರತಿ ಐಟಂಗೂ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಲೆಕ್ಕ ಹಾಕಿ ಅಲ್ಲಲ್ಲೇ ಪೈಸೆ ಕತ್ತರಿಸುತ್ತಿದ್ದೆ. ಕೊನೆಯ ಮೊತ್ತಕ್ಕೆ ಒಂದೇ ಸಲ ರೌಂಡ್ ಮಾಡಬೇಕಿತ್ತು.

ಮಾವನ ಶಾಪ್‌ನಲ್ಲಿ ಸಿಎನ್‌ಸಿ ತಾನೇ ಓಡುತ್ತದೆ, ಅಲ್ವಾ? ಆದರೂ ಸೆಟ್ಟಿಂಗ್ ಆದಮೇಲೆ ಮೊದಲ ಪೀಸ್ ತೆಗೆದು ಮೈಕ್ರೋಮೀಟರ್ ಹಿಡಿಯದೆ ಯಾರೂ ಎರಡನೇದು ಹಾಕಲ್ಲ. ನಮಗೆ ಡಿಫ್ ಅಂದರೆ ಆ ಮೈಕ್ರೋಮೀಟರ್. ಎಡಿಟರಿನವರು ಚೆಕ್‌ಪಾಯಿಂಟ್ ಕೊಟ್ಟಿರುವುದೂ ಇದಕ್ಕೇ. ಏಜೆಂಟ್ ಕೈಯಾಡಿಸುವ ಮೊದಲು ಫೈಲುಗಳು ಹೇಗಿದ್ದವೋ ಹಾಗೆ ಒಂದೇ ಕ್ಲಿಕ್‌ನಲ್ಲಿ ವಾಪಸ್ ತರಬಹುದು. ನಾನೂ ಹಾಗೇ ತಂದೆ. ಹಾಗಂತ ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಬಿಡಬೇಡಿ, ಡೇಟಾದ ಬ್ಯಾಕಪ್ಪನ್ನೂ ಬಿಡಬೇಡಿ. ಟರ್ಮಿನಲ್‌ನಲ್ಲಿ ಏಜೆಂಟ್ ಡೇಟಾಬೇಸ್ ಅಳಿಸಿದರೆ ಚೆಕ್‌ಪಾಯಿಂಟ್ ಅದನ್ನು ಮರಳಿ ತರಲ್ಲ.

ಆಮೇಲೆ ಸೂಚನೆಗಳ ಫೈಲ್ ಬರೆದೆ. ಪ್ರಾಜೆಕ್ಟ್ ಒಳಗೇ ಇರುವ ಮಾಮೂಲಿ ಟೆಕ್ಸ್ಟ್ ಫೈಲ್ ಅದು. ಏಜೆಂಟ್ ಪ್ರತಿ ಸಲ ಅದನ್ನು ನೋಡಿಕೊಂಡು ಕೆಲಸ ಶುರು ಮಾಡುತ್ತದೆ. ನನ್ನದರಲ್ಲಿ ಮೂರೇ ಸಾಲು: ಟೆಸ್ಟ್ ಫೈಲ್ ಮುಟ್ಟಬೇಡ. ಹಣಕ್ಕೆ ಫ್ಲೋಟ್ ಬೇಡ, ಡೆಸಿಮಲ್ ಬಳಸು (ಫ್ಲೋಟ್ ಪೈಸೆಯನ್ನು ಅಂದಾಜಿನಲ್ಲಿ ಇಡುತ್ತದೆ, ಡೆಸಿಮಲ್ ನಿಖರವಾಗಿ). ಅಲ್ಪವಿರಾಮ ಲಕ್ಷದ ಲೆಕ್ಕದಲ್ಲಿ ಹಾಕು, 12,50,000 ಅಂತ, 1,250,000 ಅಂತಲ್ಲ. ಹೇಳಿದ್ದನ್ನೆಲ್ಲ ಕೇಳುತ್ತದೆ ಅಂತಲ್ಲ, ಮನೆಯ ಮಕ್ಕಳ ಹಾಗೇ. ಆದರೂ ಹೇಳಿದ್ದಕ್ಕೆ ಫಲ ಇದೆ.

ಇನ್ನೊಂದು ಮಾತು. ಕಮಾಂಡ್ ಓಡಿಸುವ ಮೊದಲು ಅದು ಒಪ್ಪಿಗೆ ಕೇಳುತ್ತದೆ. ಬೇಜಾರಾಗಿ "ಯಾವಾಗಲೂ ಒಪ್ಪಿಗೆ" ಅಂತ ಒತ್ತಿಬಿಡಬೇಡಿ. ಏಜೆಂಟ್ ಹಿಂದಿರುವ ಎಐ ಮಾಡೆಲ್‌ಗಳು ಒಮ್ಮೊಮ್ಮೆ ಇಲ್ಲದ ಪ್ಯಾಕೇಜಿನ (ಇಂಟರ್ನೆಟ್‌ನಿಂದ ತಂದುಕೊಳ್ಳುವ ಸಿದ್ಧ ಕೋಡಿನ) ಹೆಸರನ್ನೂ ಹೇಳುತ್ತವೆ. ಅದೇ ಹೆಸರಿನಲ್ಲಿ ಯಾರಾದರೂ ಕೆಟ್ಟ ಕೋಡ್ ಹಾಕಿಟ್ಟಿದ್ದರೆ ನೇರ ನಿಮ್ಮ ಲ್ಯಾಪ್‌ಟಾಪಿಗೇ ಬಂತು.

ಮಾವನ ಆ ಫೈಲ್ ಇಲ್ಲೇ ಇದೆ. ಹಳೇ ತಪ್ಪನ್ನು ಬೇಕೆಂದೇ ಮತ್ತೆ ಹಾಕಿಕೊಂಡು ಬಂದಿದ್ದೇನೆ. ಸೂಚನೆಗಳ ಫೈಲ್ ತೆಗೆದು ಒಮ್ಮೆ, ಇಟ್ಟು ಒಮ್ಮೆ ಓಡಿಸೋಣ. ಯಾರಾದರೂ ಪ್ರೊಜೆಕ್ಟರ್ ಹಚ್ಚಿ. ಹಿಂದಿನ ಬೆಂಚಿನವರು ಮುಂದೆ ಬರ್ರಿ, ಕೆಂಪು ಸಾಲು ಅಲ್ಲಿಂದ ಕಾಣಲ್ಲ.