ಹೊಸತು ಬಂದರೆ ಹಳತು ಅಗ್ಗವೇ? ಸ್ಪೋರ್ಟ್ಸ್ ಕಾರುಗಳ ಸೆಕೆಂಡ್ ಹ್ಯಾಂಡ್ ಲೆಕ್ಕ

ಸಭೆಯಲ್ಲಿರುವ ಹಿರಿಯರಿಗೆ, ಆಟೊಮೊಬೈಲ್ ವಿಭಾಗದ ವಿದ್ಯಾರ್ಥಿಗಳಿಗೆ, ರಿಂಗ್ ರಸ್ತೆಯ ಅಂಗಡಿ ಬಿಟ್ಟು ಬಂದಿರುವ ಹಳೆ ವಾಹನಗಳ ವ್ಯಾಪಾರಿ ಮಿತ್ರರಿಗೆ ನಮಸ್ಕಾರ.

ಕಲಬುರಗಿಯಲ್ಲಿ ನಿಂತು ಪೋರ್ಷೆ ಕಾರಿನ ಮಾತಾಡುವವನಿಗೆ ಬೇರೆ ಕೆಲಸವಿಲ್ಲವೇ ಎಂದು ಮುಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದು ಕೇಳಿಸಿತು. ನಗಲಿ. ವಿಮಾ ಸರ್ವೇಯರ್ ಆಗಿ ನಾನು ದಿನವೂ ನೋಡುವುದು ಕೆಎ 32 ನಂಬರಿನ ಆಲ್ಟೊ, ಬೊಲೆರೊ, ಟ್ರ್ಯಾಕ್ಟರುಗಳನ್ನೇ. ಆದರೂ ಹಳೆ ವಾಹನದ ಬೆಲೆಯ ಸ್ವಭಾವ ತಿಳಿಯಲು ಸ್ಪೋರ್ಟ್ಸ್ ಕಾರಿನಂಥ ಪಾಠ ಇನ್ನೊಂದಿಲ್ಲ. ಅದನ್ನು ಯಾರೂ ಅಗತ್ಯಕ್ಕೆಂದು ಕೊಳ್ಳುವುದಿಲ್ಲ. ಬೆಲೆಯಲ್ಲಿ ಆಸೆಯ ಪಾಲೆಷ್ಟು ಎಂಬುದು ಅಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಮೊದಲು ನಮ್ಮ ವೃತ್ತಿಯ ಲೆಕ್ಕ ಹೇಳಿಬಿಡುತ್ತೇನೆ. ವಿಮೆಯಲ್ಲಿ ವಾಹನದ ಮೌಲ್ಯ, ಅಂದರೆ ಐಡಿವಿ, ಕಟ್ಟಲು ಒಂದು ಕೋಷ್ಟಕವಿದೆ. ಆರು ತಿಂಗಳವರೆಗೆ ಶೇ 5 ಕಳೆಯಬೇಕು, ಒಂದು ವರ್ಷದವರೆಗೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ವರ್ಷ ದಾಟಿದ ವಾಹನಕ್ಕೂ ತಯಾರಿಕೆ ನಿಂತ ಮಾದರಿಗೂ ಕೋಷ್ಟಕ ಕೈಚೆಲ್ಲುತ್ತದೆ. ಅಲ್ಲಿ ಕಂಪನಿ ಮತ್ತು ಮಾಲೀಕರು ಮಾತಾಡಿಕೊಂಡು ಮೌಲ್ಯ ಒಪ್ಪಬೇಕು. ಕೋಷ್ಟಕಕ್ಕೆ ವಾಹನದ ವಯಸ್ಸು ಗೊತ್ತು, ತಲೆಮಾರು ಗೊತ್ತಿಲ್ಲ.

ಪೇಟೆಯವರದು ತೊಗರಿಯ ಲೆಕ್ಕ. ಎಪಿಎಂಸಿಗೆ ಹೊಸ ಆವಕ ಶುರುವಾದರೆ ಗೋದಾಮಿನ ಹಳೆ ಮಾಲಿನ ದರ ಇಳಿಯಿತು ಎನ್ನುತ್ತಾರೆ. ತೊಗರಿಗೆ ಅದು ಸರಿ, ಏಕೆಂದರೆ ಹೊಸ ತೊಗರಿಯೂ ತೊಗರಿಯೇ. ಹೊಸ ತಲೆಮಾರಿನ ಕಾರು ಹಾಗಲ್ಲ. ಕಂಪನಿ ಅದಕ್ಕೆ ಏನನ್ನೋ ಸೇರಿಸಿರುತ್ತದೆ, ಅದರಿಂದ ಏನನ್ನೋ ತೆಗೆದಿರುತ್ತದೆ. ಸೇರಿಸಿದ್ದನ್ನು ಜಾಹೀರಾತು ಹೇಳುತ್ತದೆ. ಹಳೆಯ ಕಾರಿನ ಬೆಲೆಯನ್ನು ನಿರ್ಧರಿಸುವುದು ತೆಗೆದದ್ದು.

ಪೋರ್ಷೆ 911 ಕಾರನ್ನೇ ನೋಡಿ. 1998ರವರೆಗೆ ಬಂದ 993 ಎಂಬ ತಲೆಮಾರಿನ ಎಂಜಿನ್ ಗಾಳಿಯಿಂದ ತಂಪಾಗುತ್ತಿತ್ತು. ಅದರ ಬದಲಿಗೆ ಬಂದ 996ಕ್ಕೆ ನೀರು, ರೇಡಿಯೇಟರ್. ಹೊಸದು ಹೆಚ್ಚು ವೇಗದ್ದು, ಒಳಗೆ ಹೆಚ್ಚು ಜಾಗ, 1.7 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಕಷ್ಟದಲ್ಲಿದ್ದ ಕಂಪನಿಯನ್ನು ಮೇಲೆತ್ತಿದ ಕಾರುಗಳಲ್ಲಿ ಅದೂ ಒಂದು. ಆದರೆ ಅದೇ ಕಂಪನಿಯ ಅಗ್ಗದ ಕಾರು ಬಾಕ್ಸ್‌ಸ್ಟರ್ ಜೊತೆ ಹೆಡ್‌ಲೈಟ್ ಹಂಚಿಕೊಂಡಿತ್ತು. ನೋಡಿದವರು 'ಹುರಿದ ಮೊಟ್ಟೆ' ಎಂದು ಹಂಗಿಸಿದರು. ಅದರ ಮೇಲೆ ಎಂಜಿನ್ನಿನ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಕೈಕೊಡುತ್ತದೆ ಎಂಬ ಅಪಕೀರ್ತಿ. ಆ ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಬದಲಿಸದೆ ಅದು ಮುರಿದರೆ ಇಡೀ ಎಂಜಿನ್ ಹಾಳು. ಇಂದಿಗೂ ತಿಳಿದ ಗಿರಾಕಿ ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ, ಲೋಹದ ಹೊಳಪು ಕಾಣುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಾನೆ. 2004ರಲ್ಲಿ 997 ಬಂದಾಗ ದುಂಡು ಹೆಡ್‌ಲೈಟ್ ಮರಳಿತು. ಪಾಪ, 996ಕ್ಕೆ ಎರಡೂ ಕಡೆಯಿಂದ ಪೆಟ್ಟು: ಹಿಂದಿನದರ ಎಂಜಿನ್ ಇಲ್ಲ, ಮುಂದಿನದರ ಮುಖವಿಲ್ಲ. ಬಹಳ ವರ್ಷ ಅದೇ ಅತಿ ಅಗ್ಗದ 911. ಇತ್ತ 993 ಕೊನೆಯ ಗಾಳಿ ಎಂಜಿನ್ನಿನ 911 ಎಂಬ ಒಂದೇ ಕಾರಣಕ್ಕೆ ದುಬಾರಿಯಾಯಿತು. ಆದರೆ 996 ಬಂದ ದಿನವೇ ಅಲ್ಲ, ವರ್ಷಗಳು ಕಳೆದ ಮೇಲೆ.

ಅದೇ ಕಂಪನಿ 2013ರ 911 ಜಿಟಿ3 ಮಾದರಿಯಲ್ಲಿ ಮ್ಯಾನುಯಲ್ ಗೇರನ್ನೇ ಕೈಬಿಟ್ಟಿತು. 2016ರಲ್ಲಿ 911 ಆರ್ ಎಂದು ಮ್ಯಾನುಯಲ್ ಇರುವ ಕಾರುಗಳನ್ನು ಒಟ್ಟು 991 ಮಾತ್ರ ತಯಾರಿಸಿತು. ಕೊಂಡವರು ಮೂಲ ಬೆಲೆಯ ಹಲವು ಪಟ್ಟು ಕೇಳಲು ಕುಳಿತರು. ಮರುವರ್ಷವೇ ಸುಧಾರಿತ ಜಿಟಿ3ಯಲ್ಲಿ ಮ್ಯಾನುಯಲ್ ಗೇರ್ ಮರಳಿ ಬಂತು. 911 ಆರ್ ಬೆಲೆ ಜಾರಿತು. ಕಾರು ಒಂದಿಷ್ಟೂ ಬದಲಾಗಿರಲಿಲ್ಲ, ಅದರ ಒಂಟಿತನವಷ್ಟೇ ಹೋಗಿತ್ತು. ನನಗೆ ಇದು ಇಡೀ ವಿಷಯದಲ್ಲೇ ಅತ್ಯಂತ ಸ್ವಾರಸ್ಯದ ಘಟನೆ. ಹಣ ಕಳೆದುಕೊಂಡವರಿಗೆ ಹಾಗನ್ನಿಸಿರಲಾರದು.

ನಮ್ಮೂರಿಗೆ ಬರೋಣ. ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಆಮೇಲೆ ಎಷ್ಟೋ ವೇಗದ ಬೈಕುಗಳು ಬಂದವು, ಆದರೆ ಹೊಗೆಯ ನಿಯಮಗಳ ಮುಂದೆ ಟು ಸ್ಟ್ರೋಕ್ ಎಂಜಿನ್ ಮಾಯವಾಯಿತು. ಇಂದು ಒಳ್ಳೆಯ ಸ್ಥಿತಿಯ ಆರ್‌ಎಕ್ಸ್ ತಂದವನ ಮುಂದೆ ನೀವೇ ಚೌಕಾಸಿ ಮಾಡಲು ಹಿಂಜರಿಯುತ್ತೀರಿ. ಬೆಲೆ ಏರಿದಲ್ಲಿ ಮೋಸವೂ ಏರುತ್ತದೆ. ಸೀಮೆಎಣ್ಣೆ ಬಟ್ಟೆಯಿಂದ ಹ್ಯಾಂಡಲ್ ಕೆಳಗಿನ ಫ್ರೇಮನ್ನು ಒರೆಸಿ ಚಾಸಿ ನಂಬರ್ ನೋಡಿ. ಅಂಕಿಗಳ ಆಳ ಒಂದೇ ಸಮ ಇಲ್ಲದಿದ್ದರೆ, ಸುತ್ತಲಿನ ಬಣ್ಣ ಮಾತ್ರ ಹೊಸದಾಗಿದ್ದರೆ, ಆರ್‌ಸಿ ಎಷ್ಟೇ ಸ್ವಚ್ಛವಾಗಿದ್ದರೂ ಮುಂಗಡ ಕೊಡಬೇಡಿ.

ಹೊಸ ಮಾದರಿಯೇ ಬರಬೇಕೆಂದೂ ಇಲ್ಲ, ಹೊಸದರ ಬೆಲೆ ಕದಲಿದರೂ ಸಾಕು. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊಸ ಕಾರು ಅಗ್ಗವಾದಾಗ ಅಂಗಳದಲ್ಲಿ ನಿಂತ ಹಳೆಯ ಕಾರಿಗೆ ಹಿಂದಿನ ದರ ಹೇಳಲು ಬರುವುದಿಲ್ಲ ಎಂಬುದನ್ನು ಇಲ್ಲಿ ಕುಳಿತ ವ್ಯಾಪಾರಿಗಳಿಗೆ ನಾನು ವಿವರಿಸಬೇಕಿಲ್ಲ.

ಕೊಳ್ಳುವವರು ಕೇಳುವುದು, ಯಾವಾಗ ಕೊಳ್ಳಬೇಕು ಎಂದು. ಹೊಸ ಮಾದರಿಯ ಚಿತ್ರ ಪತ್ರಿಕೆಯಲ್ಲಿ ಬಂದಾಗ ಅವಸರ ಬೇಡ. ಆಗ ನಡುಗುವುದು ಮಾರುವವನ ಮನಸ್ಸು ಮಾತ್ರ, ಮಾಲು ಇನ್ನೂ ಪೇಟೆಗೆ ಬಂದಿರುವುದಿಲ್ಲ. ಶೋರೂಮಿನಿಂದ ಹೊಸ ಕಾರುಗಳು ಹೊರಬಿದ್ದು, ಕೊಂಡವರೆಲ್ಲ ಒಟ್ಟಿಗೇ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟ ತಿಂಗಳುಗಳಲ್ಲಿ ಆಯ್ಕೆಯೂ ಹೆಚ್ಚು, ದರವೂ ಮೆತ್ತಗೆ. ಹೈದರಾಬಾದಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರುವವರು ಎನ್‌ಒಸಿ ಜೊತೆಗೆ ಕರ್ನಾಟಕದ ಆಜೀವ ತೆರಿಗೆಯನ್ನೂ ಕೂಡಿಸಿ ನೋಡಬೇಕು. ಹಲವು ಸಲ ಉಳಿತಾಯವೆಲ್ಲ ಆರ್‌ಟಿಒ ಕೌಂಟರಿನಲ್ಲೇ ಮುಗಿಯುತ್ತದೆ.

ವಿದ್ಯಾರ್ಥಿಗಳು ಕಣ್ಣಿಡಬೇಕಾದದ್ದು 911ಕ್ಕಿಂತ ಅಗ್ಗದ ಸ್ಪೋರ್ಟ್ಸ್ ಕಾರಾದ ಪೋರ್ಷೆ 718 ಮೇಲೆ. 2024ರಲ್ಲಿ ಸೈಬರ್ ಸುರಕ್ಷತೆಯ ನಿಯಮದಿಂದಾಗಿ ಯುರೋಪಿನಲ್ಲಿ ಅದರ ಸಾಮಾನ್ಯ ಪೆಟ್ರೋಲ್ ಮಾದರಿಗಳ ಮಾರಾಟ ನಿಂತಿತು. ಮುಂದಿನ ತಲೆಮಾರು ವಿದ್ಯುತ್ತಿನದೇ ಎಂದಿದ್ದ ಕಂಪನಿ 2025ರಲ್ಲಿ ಮಾತು ಬದಲಿಸಿ, ಮೇಲ್ದರ್ಜೆಯ ಮಾದರಿಗಳಿಗೆ ಪೆಟ್ರೋಲ್ ಎಂಜಿನ್ನೂ ಇರುತ್ತದೆ ಎಂದಿದೆ. ಕೊನೆಯ ಪೆಟ್ರೋಲ್ ಕಾರೆಂದು ಹೆಚ್ಚಿಗೆ ಕೊಟ್ಟು ಕೂಡಿಟ್ಟವರು ಈಗ 911 ಆರ್ ಮಾಲೀಕರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಬಹುದು.

ಇನ್ನು ನೀವು ಕೇಳಿ, ನನಗೆ ತಿಳಿದಷ್ಟು ಹೇಳುತ್ತೇನೆ.